ಸೈಕಲ್ಲಿನ ದೀಪವು ಇಳಿಜಾರಿನಲ್ಲಿ ಸುಟ್ಟುಹೋಗದೇಕೆ?

ಸೈಕಲ್ಲು ವೇಗವಾಗಿ ಓಡಿದಷ್ಟೂ ಅದರ ಡೈನಮೊ ಹೆಚ್ಚು ವಿದ್ಯುತ್ತನ್ನು ಕೊಡುವುದೆಂದು ಎಲ್ಲರೂ ಬಲ್ಲರು. ಸವಾರನು ಗಂಟೆಗೆ 15 ಕಿಲೋಮೀಟರಿನಿಂದ 30ಕ್ಕೆ ಏರಿದರೆ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು ಇಮ್ಮಡಿಯಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯಿಂದ ತಿಳಿದುಬರುವುದು ಇದೇ. ಆಗ ಓಮನ ನಿಯಮದಂತೆ ಪ್ರವಾಹವೂ ಇಮ್ಮಡಿ, ಬಲ್ಬಿನಲ್ಲಿ ವ್ಯಯವಾಗುವ ಸಾಮರ್ಥ್ಯವು ನಾಲ್ಮಡಿ. 3 ವಾಟಿನ ಬಲ್ಬಿಗೆ 12 ವಾಟ್! ಅದರ ತಂತು ಕ್ಷಣದಲ್ಲಿ ಕರಗಬೇಕಾಗಿತ್ತು. ಆದರೆ ಉದ್ದನೆಯ ಇಳಿಜಾರಿನಲ್ಲಿ ದೀಪವು ತುಸು ಬೆಳ್ಳಗಾಗುವುದೇ ಹೊರತು ಸುಡುವುದಿಲ್ಲ. ನಮ್ಮ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿರಬೇಕು.

ಡೈನಮೊದ ಒಡಲನ್ನು ನೋಡೋಣ. ಟೈರಿಗೆ ಒತ್ತಿಕೊಂಡು ತಿರುಗುವ ಪುಟ್ಟ ಗಾಲಿಯೊಡನೆ ಒಂದು ಶಾಶ್ವತ ಕಾಂತವು ತಿರುಗುತ್ತದೆ. ತಾಮ್ರತಂತಿಯ ಸುರುಳಿ ಸ್ಥಿರವಾಗಿರುತ್ತದೆ. (ಹೆಸರು ಡೈನಮೊ ಎಂದಿದ್ದರೂ ಇದು ಪರ್ಯಾಯ ಪ್ರವಾಹವನ್ನು ಕೊಡುವ ಯಂತ್ರ.) ಕಾಂತಕ್ಕೆ ಎಂಟು ಧ್ರುವಗಳಿದ್ದು ಗಾಲಿಯ ಸುತ್ತಳತೆ 7 ಸೆಂಟಿಮೀಟರಾದರೆ, 15 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 60 ಸುತ್ತು ತಿರುಗುತ್ತದೆ, ಪ್ರವಾಹವು ಸೆಕೆಂಡಿಗೆ 240 ಆವರ್ತಗಳನ್ನು ಮುಗಿಸುತ್ತದೆ. ವೇಗವು ಇಮ್ಮಡಿಯಾದಾಗ ಈ ಸಂಖ್ಯೆಯೂ ಇಮ್ಮಡಿಯಾಗುವುದು ಎಂಬುದರಲ್ಲಿಯೇ ರಹಸ್ಯವಿದೆ.

ಸುರುಳಿಯು ತನ್ನಲ್ಲಿ ಹರಿಯುವ ಪ್ರವಾಹದ ಏರಿಳಿತವನ್ನು ತಾನೇ ವಿರೋಧಿಸುತ್ತದೆ. ಏರಿಳಿತ ಚುರುಕಾದಷ್ಟೂ ಈ ಪ್ರೇರಕ ತಡೆ ಬೆಳೆಯುತ್ತದೆ. ಒಂದು ಡೈನಮೊವನ್ನು ಕಲ್ಪಿಸಿಕೊಳ್ಳೋಣ: 15 ಕಿಲೋಮೀಟರಿನಲ್ಲಿ ಅದರ ವೋಲ್ಟೇಜು 16.8, ಪ್ರೇರಕ ತಡೆ 30 ಓಮ್, ಸುರುಳಿಯ ರೋಧ 3 ಓಮ್, ಬಲ್ಬಿನ ರೋಧ 12 ಓಮ್. ತಡೆಯನ್ನೂ ರೋಧವನ್ನೂ ನೇರವಾಗಿ ಕೂಡಬಾರದು. ಲಂಬಕೋನ ತ್ರಿಭುಜದ ಭುಜಗಳಂತೆ ವರ್ಗಗಳನ್ನು ಕೂಡಿ ಮೂಲ ತೆಗೆಯಬೇಕು. 15ರ ಮತ್ತು 30ರ ವರ್ಗಗಳಿಂದ 33.5 ಓಮ್ ಬರುತ್ತದೆ, ಪ್ರವಾಹ 0.50 ಆಂಪೇರ್. 30 ಕಿಲೋಮೀಟರಿನಲ್ಲಿ ವೋಲ್ಟೇಜು 33.6, ಪ್ರೇರಕ ತಡೆ 60, ಪ್ರವಾಹವಾದರೋ 0.54 ಮಾತ್ರ! ಎಷ್ಟೇ ರಭಸದಿಂದ ಓಡಿಸಿದರೂ ಅದು 0.56ನ್ನು ದಾಟಲಾರದು. ಬಲ್ಬನ್ನು ಕಳಚಿ ವೋಲ್ಟ್‌ಮೀಟರನ್ನು ಜೋಡಿಸಿದ ವಿದ್ಯಾರ್ಥಿಯು ಹತ್ತಾರು ವೋಲ್ಟುಗಳನ್ನು ಕಂಡು ಬೆರಗಾಗುವುದು ಸಹಜ. ಪ್ರವಾಹವೇ ಇಲ್ಲದಾಗ ಆ ವಿರೋಧವೂ ಇಲ್ಲ.

ಕಬ್ಬಿಣದಲ್ಲಿ ಆಗುವ ನಷ್ಟವನ್ನೂ, ಬಿಸಿಯಾದಂತೆ ತಂತುವಿನ ರೋಧ ಹೆಚ್ಚುವುದನ್ನೂ ಇಲ್ಲಿ ನಾವು ಗಣಿಸಿಲ್ಲ. ಆದರೂ ಈ ಒರಟು ಲೆಕ್ಕವು ರಾತ್ರಿಯ ಸವಾರನಿಗೆ ಒಂದು ಅಪಾಯವನ್ನು ಮುನ್ಸೂಚಿಸಬಲ್ಲದು. ತಂತುಬಲ್ಬುಗಳ ಸೈಕಲ್ಲಿನಲ್ಲಿ ಮುಂದಿನ ದೀಪ 2.4 ವಾಟ್, ಹಿಂದಿನದು 0.6 ವಾಟ್, ಅರ್ಧ ಆಂಪೇರಿನಲ್ಲಿ ಮೊದಲನೆಯದಕ್ಕೆ 0.4, ಎರಡನೆಯದಕ್ಕೆ 0.1 ಪಾಲು. ಮುಂದಿನ ಬಲ್ಬು ಹೋಯಿತೆನ್ನೋಣ. ಉಳಿದ ಬಲ್ಬಿನ ರೋಧ 60 ಓಮ್. ನಮ್ಮ ಡೈನಮೊ ಅದರೊಳಗೆ 0.24 ಆಂಪೇರನ್ನು ನೂಕುತ್ತದೆ. 0.6 ವಾಟಿನ ಬಲ್ಬಿಗೆ ಸುಮಾರು 3.5 ವಾಟ್! ಅದೂ ಆರಿಹೋಗುತ್ತದೆ; ಹಿಂದಿನಿಂದ ಬರುವ ಲಾರಿಯವನಿಗೆ ಸೈಕಲ್ಲು ಕಾಣುವುದೇ ಇಲ್ಲ. ಕೆಲವು ತಯಾರಕರು ದೀಪಕ್ಕೆ ಸಮಾಂತರವಾಗಿ, ಎದುರುಬದುರು ಕೂಡಿಸಿದ ಎರಡು ಜೀನರ್ ಡಯೋಡುಗಳನ್ನು ಇರಿಸಿದ್ದು ಈ ಹೆಚ್ಚಿನ ಪ್ರವಾಹಕ್ಕೆ ಬೇರೆ ದಾರಿ ಕೊಡುವುದಕ್ಕಾಗಿಯೇ.