ಕಂಡೆನ್ಸರ್ ಹೋದ ಫ್ಯಾನು

ಸ್ವಿಚ್ ಒತ್ತಿದರೆ ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮನೆಯ ಹಿರಿಯರೊಬ್ಬರು ಮೂಲೆಯ ಪೊರಕೆ ತಂದು ಅದರ ಹಿಡಿಯಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳುತ್ತಾರೆ. ಒಂದೆರಡು ಸುತ್ತು ತೂಕಡಿಸಿದ ಫ್ಯಾನು ಆಮೇಲೆ ತಾನೇ ವೇಗ ಹಿಡಿಯುತ್ತದೆ. ತುಂಟ ಹುಡುಗನೊಬ್ಬ ಬೇಕೆಂದೇ ಉಲ್ಟಾ ತಳ್ಳಿದರೆ? ಆಗಲೂ ತಿರುಗುತ್ತದೆ, ಆದರೆ ಗಾಳಿ ಸೂರಿನ ಕಡೆಗೆ ಬೀಸುತ್ತದೆ. ಕರೆ ಕಳಿಸಿದ ಎಲೆಕ್ಟ್ರಿಷಿಯನ್ ಏಣಿ ಹತ್ತುವ ಮೊದಲೇ ತೀರ್ಪು ಹೇಳಿಬಿಡುತ್ತಾನೆ: ‘ಕಂಡೆನ್ಸರ್ ಹೋಗಿದೆ.’

ಪುಸ್ತಕದ ಹೆಸರು ಕೆಪಾಸಿಟರ್; ಅಂಗಡಿಯಲ್ಲಿ ಇಂದಿಗೂ ಕಂಡೆನ್ಸರ್. ಅಂಗಡಿಯವರ ಮಾತಿಗೇನೂ ಕಡಿಮೆ ವಂಶಾವಳಿ ಇಲ್ಲ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1782ರಷ್ಟು ಹಿಂದೆಯೇ ಕೊಟ್ಟ ಹೆಸರದು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪಗಿರುವ ಈ ಪುಟ್ಟ ಡಬ್ಬಿ ಫ್ಯಾನಿಗೆ ‘ಪವರ್ ಕೊಡುತ್ತದೆ’ ಎಂಬುದು ಬಹುಜನರ ನಂಬಿಕೆ. ಅದು ಪವರ್ ಕೊಡುವುದೇ ಇಲ್ಲ. ಪೊರಕೆಯ ಹಿಡಿ ಮಾಡಿದ ಕೆಲಸವನ್ನಷ್ಟೇ ಸದ್ದಿಲ್ಲದೆ, ಸೆಕೆಂಡಿಗೆ ಐವತ್ತು ಬಾರಿ ಮಾಡುತ್ತದೆ.

ಇದನ್ನು ಅರಿಯಲು ಅಜ್ಜಿಯ ಕಾಲದ ಬೀಸುವ ಕಲ್ಲಿನ ಮುಂದೆ ಕೂರಬೇಕು. ಗೂಟ ಹಿಡಿದು ಕೈಯನ್ನು ಬರೀ ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ಕಲ್ಲು ತಿರುಗದು. ಗೂಟ ನೇರ ಎದುರಿಗಿದ್ದಾಗ ಎಷ್ಟು ಜೋರಾಗಿ ಎಳೆದರೂ ಕಲ್ಲು ಅಲ್ಲೇ ಕುಕ್ಕುತ್ತದೆ. ಬೀಸಿ ಗೊತ್ತಿರುವವರ ಕೈ ಹಿಂದೆ–ಮುಂದೆ ಹೋಗುವುದರ ಜೊತೆಗೆ ಅಕ್ಕಪಕ್ಕಕ್ಕೂ ಆಡುತ್ತದೆ. ಎರಡೂ ಒಟ್ಟಿಗೇ ಅಲ್ಲ, ಒಂದರ ಹಿಂದೆ ಒಂದು, ಸರಿಯಾಗಿ ಕಾಲು ಸುತ್ತಿನ ಅಂತರದಲ್ಲಿ. ಆಗಲೇ ನೇರ ಚಲನೆಗಳೆರಡು ಸೇರಿ ವೃತ್ತವಾಗುವುದು. ಕಲ್ಲು ಒಮ್ಮೆ ಓಟ ಹಿಡಿದ ಮೇಲೆ ಬರೀ ಹಿಂದೆ–ಮುಂದೆ ತಳ್ಳಿದರೂ ಸಾಕು, ತಿರುಗುತ್ತಲೇ ಇರುತ್ತದೆ.

ಫ್ಯಾನಿನ ಕಥೆಯೂ ಇದೇ. ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟು ಹಿಂದೆ–ಮುಂದೆ ಆಡುವ ಒಂದೇ ಕೈ. ಅದು ತಂತಿಯ ಸುರುಳಿಯಲ್ಲಿ ಹುಟ್ಟಿಸುವ ಕಾಂತಕ್ಷೇತ್ರ ಏರುತ್ತದೆ, ಇಳಿಯುತ್ತದೆ, ದಿಕ್ಕು ಬದಲಿಸುತ್ತದೆ, ಆದರೆ ಸುತ್ತುವುದಿಲ್ಲ. ಆದ್ದರಿಂದ ಫ್ಯಾನಿನೊಳಗೆ ಎರಡನೆಯದೊಂದು ಸುರುಳಿಯನ್ನು ಸುತ್ತಿ, ಅದರ ದಾರಿಯಲ್ಲಿ ಕೆಪಾಸಿಟರ್ ಕೂರಿಸಿರುತ್ತಾರೆ. ಮೊದಲ ಸುರುಳಿಯ ಕರೆಂಟು ವೋಲ್ಟೇಜಿಗಿಂತ ಹಿಂದೆ ಬಿದ್ದರೆ ಎರಡನೆಯದರ ಕರೆಂಟು ಮುಂದೆ ಓಡುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಕಾಲು ಸುತ್ತೆಂದರೆ 5 ಮಿಲಿಸೆಕೆಂಡು. ಆ ಅಂತರದ ಹತ್ತಿರ ಬಂದರೆ ಕಾಂತಕ್ಷೇತ್ರ ನಿಜಕ್ಕೂ ಸುತ್ತತೊಡಗುತ್ತದೆ, ಫ್ಯಾನಿನ ಹೊರಮೈ ಅದರ ಬೆನ್ನು ಹತ್ತುತ್ತದೆ. ಸುತ್ತುವ ಕಾಂತಕ್ಷೇತ್ರದ ಈ ಉಪಾಯವನ್ನು 1888ರ ಮಾರ್ಚಿನಲ್ಲಿ ಇಟಲಿಯ ಟ್ಯೂರಿನ್‌ನಿಂದ ಗೆಲಿಲಿಯೊ ಫೆರಾರಿಸ್ ಪ್ರಕಟಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ತಮ್ಮ ಮೋಟಾರಿನ ಬಗ್ಗೆ ಉಪನ್ಯಾಸ ಕೊಟ್ಟರು. ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ.

ಕೆಪಾಸಿಟರ್ ಕರೆಂಟನ್ನು ಮುಂದಕ್ಕೆ ಓಡಿಸುವುದು ಹೇಗೆ? ಅದರೊಳಗಿರುವುದು ಎರಡು ಲೋಹದ ಪದರ, ನಡುವೆ ವಿದ್ಯುತ್ತನ್ನು ಹಾಯಗೊಡದ ತೆಳು ಪ್ಲಾಸ್ಟಿಕ್ ಹಾಳೆ. ಒಂದೇ ಒಂದು ಎಲೆಕ್ಟ್ರಾನೂ ಆ ಹಾಳೆಯನ್ನು ದಾಟುವುದಿಲ್ಲ. ಡೊಳ್ಳಿನ ಒಂದು ಮಗ್ಗುಲಿಗೆ ಹೊಡೆದರೆ ಇನ್ನೊಂದು ಮಗ್ಗುಲಿನ ಚರ್ಮವೂ ಅದುರುವುದಿಲ್ಲವೇ? ಚರ್ಮದ ಮೂಲಕ ಗಾಳಿಯೇನೂ ಹಾಯುವುದಿಲ್ಲ. ಹಾಗೆಯೇ ಒಂದು ಪದರಕ್ಕೆ ಎಲೆಕ್ಟ್ರಾನುಗಳು ನುಗ್ಗಿದಾಗ ಎದುರು ಪದರದವು ಓಡಿಹೋಗುತ್ತವೆ. ಇನ್ನು ಸಮಯದ ಮಾತು. ತುಂಬಿದ ತೊಟ್ಟಿಗೂ ಖಾಲಿ ತೊಟ್ಟಿಗೂ ತಳದಲ್ಲಿ ಪೈಪು ಜೋಡಿಸಿ ನೋಡಿ. ಎರಡನೆಯದು ಖಾಲಿಯಿದ್ದಾಗಲೇ ನೀರು ಅತಿ ಜೋರಾಗಿ ನುಗ್ಗುವುದು. ಮಟ್ಟ ಸಮನಾದ ಗಳಿಗೆಯಲ್ಲಿ ಹರಿವು ನಿಂತೇಹೋಗುತ್ತದೆ. ನೀರಿನ ಮಟ್ಟವೇ ವೋಲ್ಟೇಜು, ಹರಿವೇ ಕರೆಂಟು. ಹರಿವು ತುದಿ ಮುಟ್ಟಿದ ಮೇಲಷ್ಟೇ ಮಟ್ಟ ತುದಿ ಮುಟ್ಟುತ್ತದೆ.

ಫ್ಯಾನಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ 2.5 ಅಥವಾ 3.15 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಬರೆದಿರುತ್ತದೆ. ಮನೆಗೆ ಬರುವುದು 230 ವೋಲ್ಟ್ ತಾನೇ ಎಂದು ಕೇಳಬಹುದು. 230 ಎಂಬುದು ಒಂದು ಬಗೆಯ ಸರಾಸರಿ ಲೆಕ್ಕ, ಅದರ ತುದಿ 325 ವೋಲ್ಟ್ ಮುಟ್ಟುತ್ತದೆ. ಸಾಲದ್ದಕ್ಕೆ ತಿರುಗುವ ಮೋಟಾರಿನಲ್ಲಿ ಕೆಪಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟೇಜು ಮನೆಯ ವೋಲ್ಟೇಜನ್ನೂ ಮೀರುತ್ತದೆ.

ಡಬ್ಬಿ ಸಾಯುವ ಬಗೆ ಇನ್ನೂ ಸ್ವಾರಸ್ಯಕರ. ಒಳಗಿನ ಪಾಲಿಪ್ರೊಪಿಲೀನ್ ಹಾಳೆ ಕೂದಲೆಳೆಗಿಂತ ಎಷ್ಟೋ ತೆಳು. ಅದರ ಮೇಲೆ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಲೋಹದ ಲೇಪ ಇನ್ನೂ ತೆಳು. ಚಾಪೆಯಂತೆ ಸುರುಳಿ ಸುತ್ತಿ ಡಬ್ಬಿಯೊಳಗೆ ತುರುಕಿರುತ್ತಾರೆ. ಹಾಳೆಯಲ್ಲೆಲ್ಲೋ ದುರ್ಬಲ ಜಾಗವಿದ್ದು ಅಲ್ಲಿ ಕಿಡಿ ಹಾರಿದರೆ ಸುತ್ತಲಿನ ಲೇಪ ಕ್ಷಣದಲ್ಲಿ ಆವಿಯಾಗಿ ಆ ಚುಕ್ಕೆ ಬೇರ್ಪಡುತ್ತದೆ. ಕೆಪಾಸಿಟರ್ ಬದುಕಿಕೊಳ್ಳುತ್ತದೆ, ಆದರೆ ಲೋಹದ ಒಂದು ಕಣ ಕಳೆದುಕೊಂಡು. ವರ್ಷಗಟ್ಟಲೆ ಹೀಗೆ ಗಾಯ, ಗಾಯಕ್ಕೆ ಮದ್ದು. 2.5 ಇದ್ದದ್ದು 2 ಆಗುತ್ತದೆ, 1.5 ಆಗುತ್ತದೆ. ‘ಯಾಕೋ ಈ ಬೇಸಿಗೆ ಫ್ಯಾನು ಮೊದಲಿನಂತೆ ಗಾಳಿ ಕೊಡುತ್ತಿಲ್ಲ’ ಎಂಬ ಮಾತು ಹುಟ್ಟುವುದು ಆಗ.

ಡಬ್ಬಿ ಎಷ್ಟು ಸವೆದಿದೆ ಎಂದು ಅಳೆಯುವುದು ಹವ್ಯಾಸಿಗಳಿಗೆ ಹೇಳಿಮಾಡಿಸಿದ ಪ್ರಯೋಗ. ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಒಂದಿದ್ದರೆ ಸಾಕು. ಮೊದಲು ಮೇನ್ ಸ್ವಿಚ್ಚನ್ನೇ ಆರಿಸಬೇಕು. ಏಕೆಂದರೆ ಗೋಡೆಯ ಸ್ವಿಚ್ಚನ್ನು ಫೇಸ್ ಬಿಟ್ಟು ನ್ಯೂಟ್ರಲ್ ತಂತಿಗೆ ಜೋಡಿಸಿದ ಮನೆಗಳು ಬೇಕಾದಷ್ಟಿವೆ; ಅಲ್ಲಿ ಅದನ್ನು ಆರಿಸಿದರೂ ಫ್ಯಾನಿನ ತಂತಿಯಲ್ಲಿ ಫೇಸ್ ಉಳಿದಿರುತ್ತದೆ. ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ರೆಸಿಸ್ಟರ್ ಅಥವಾ ಬಲ್ಬಿನ ಮೂಲಕ ಖಾಲಿ ಮಾಡಿಯೇ ಕೈಯಿಡಬೇಕು. ಉಳಿದ ವಿದ್ಯುತ್ತಿನ ಚುರುಕು ಏನೆಂದು ಫ್ರಾನ್ಸಿನವರಿಗೆ 1746ರಲ್ಲೇ ತಿಳಿದಿತ್ತು. ಲೈಡೆನ್ ಜಾಡಿ ಎಂಬ ಗಾಜಿನ ಕೆಪಾಸಿಟರಿನಿಂದ ಅಬೆ ನೊಲೆ ಎಂಬಾತ ಹದಿನೈದನೆಯ ಲೂಯಿಯ ಎದುರು ಕೈ ಕೈ ಹಿಡಿದು ನಿಂತ 180 ಕಾವಲುಗಾರರನ್ನು ಒಟ್ಟಿಗೇ ಕುಪ್ಪಳಿಸುವಂತೆ ಮಾಡಿದ್ದ. ದೊರೆಗೆ ಭಾರೀ ಮೋಜು. ಕಾವಲುಗಾರರ ಅಭಿಪ್ರಾಯ ಯಾರೂ ಕೇಳಲಿಲ್ಲ.

2.5ರ ಜಾಗಕ್ಕೆ 4 ಹಾಕಿದರೆ ಫ್ಯಾನು ಹಾರಿಹೋಗುವಂತೆ ಓಡುತ್ತದೆ ಎಂಬ ಸಲಹೆಯೂ ಉಂಟು. ಪೂರ್ತಿ ಸುಳ್ಳಲ್ಲ, ಆದರೆ ದುಬಾರಿ ಸಲಹೆ. 14 ಕಾಂತಧ್ರುವಗಳ ಫ್ಯಾನಿನ ಕಾಂತಕ್ಷೇತ್ರ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ ಸುಮಾರು 428 ಸುತ್ತು ಸುತ್ತುತ್ತದೆ. ಫ್ಯಾನು ಅದನ್ನು ಎಂದೂ ಮೀರಲಾರದು. ಹೆಚ್ಚುವರಿ ಮೈಕ್ರೋಫ್ಯಾರಡ್‌ಗಳ ಬಹುಪಾಲು ಫಲ ಸುರುಳಿಯ ಬಿಸಿ ಮತ್ತು ಗುಂಯ್‌ಗುಡುವ ಸದ್ದು. ಎಷ್ಟೋ ಸಲ ತಪ್ಪು ಕೆಪಾಸಿಟರಿನದೂ ಅಲ್ಲ. ಮೋಟಾರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಬಲ ನೂರಕ್ಕೆ ಅರುವತ್ತೊಂದರಷ್ಟಕ್ಕೆ ಬಂದು ನಿಲ್ಲುತ್ತದೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಫ್ಯಾನುಗಳು ಸೋಮಾರಿಯಾಗುವುದು ಇದಕ್ಕೇ. ಸಿಂಗಲ್ ಫೇಸ್ ಪಂಪುಗಳ ಸ್ಟಾರ್ಟರ್ ಪೆಟ್ಟಿಗೆಯಲ್ಲೂ ಇದೇ ಕುಲದ ದೊಡ್ಡಣ್ಣಂದಿರು ಕೂತಿರುತ್ತಾರೆ.

ಗೋಡೆಯ ಮೇಲಿನ ರೆಗ್ಯುಲೇಟರ್ ಕೂಡ ಈಗ ಇದೇ ಸಂಸಾರ ಸೇರಿದೆ. ಹಳೆಯ ದಪ್ಪ ಡಬ್ಬಿಯಲ್ಲಿ ರೆಸಿಸ್ಟೆನ್ಸ್ ತಂತಿ ಇರುತ್ತಿತ್ತು. ಫ್ಯಾನನ್ನು ನಿಧಾನ ಮಾಡಿ ಉಳಿಸಿದ ವಿದ್ಯುತ್ತಿನ ದೊಡ್ಡ ಪಾಲನ್ನು ಗೋಡೆ ಕಾಯಿಸಲು ಸುಡುತ್ತಿತ್ತು. ಈಗಿನ ಹೆಜ್ಜೆ ಹೆಜ್ಜೆಯಾಗಿ ತಿರುಗುವ ರೆಗ್ಯುಲೇಟರಿನೊಳಗೆ ಎರಡು ಮೂರು ಕೆಪಾಸಿಟರುಗಳಿರುತ್ತವೆ. ಅವು ವೋಲ್ಟೇಜನ್ನು ತಡೆಯುತ್ತವೆ, ಆದರೆ ಕಾಯುವುದು ತೀರಾ ಕಡಿಮೆ, ಏಕೆಂದರೆ ಅರ್ಧ ಹೊತ್ತು ತೆಗೆದುಕೊಂಡದ್ದನ್ನು ಇನ್ನರ್ಧ ಹೊತ್ತಿನಲ್ಲಿ ಹಿಂದಿರುಗಿಸುತ್ತವೆ.

2023ರ ಜನವರಿಯಿಂದ ಭಾರತದಲ್ಲಿ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ. ಅಲ್ಲಿಂದೀಚೆಗೆ ಅಂಗಡಿಗಳಲ್ಲಿ ಎದ್ದು ಕಾಣುತ್ತಿರುವುದು ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನು. ಹಳೆಯದು 70–80 ವ್ಯಾಟ್ ತಿಂದರೆ ಇದಕ್ಕೆ 30ರ ಆಸುಪಾಸು ಸಾಕು. ಹೊರಮೈಯಲ್ಲಿ ಶಾಶ್ವತ ಕಾಂತಗಳಿರುತ್ತವೆ. ಕಾಂತಕ್ಷೇತ್ರವನ್ನು ಯಾವಾಗ ಎತ್ತ ಸುತ್ತಿಸಬೇಕೆಂದು ಒಂದು ಚಿಪ್ ಲೆಕ್ಕ ಹಾಕುತ್ತದೆ. ದಾರಿ ತೋರಿಸುವ ಡಬ್ಬಿಗೆ ಇಲ್ಲಿ ಕೆಲಸವಿಲ್ಲ. ಆದರೂ ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ ಉರುಟಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ನಿಂತಿರುವುದುಂಟು. ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಅದೂ ಸಿಗುತ್ತದೆ. ಆದರೆ ಈ ಫ್ಯಾನು ನಿಂತರೆ ಪೊರಕೆಯ ಹಿಡಿಗೆ ಜಗ್ಗುವುದಿಲ್ಲ, ಬೆಸುಗೆ ಹಾಕುವ ಕಡ್ಡಿಯೇ ಬೇಕು.