ಮೂರನೆಯ ಗಂಟೆ ಬಾರಿಸುವ ಮುನ್ನ

ಮದುವೆಯ ಮನೆಯಲ್ಲಿ ಕೂಡ ಇಷ್ಟು ಗಡಿಬಿಡಿ ಇರಲಾರದು. ಬೇಸಗೆ ಬಂದು ಸಿ.ಇ.ಟಿ. ಎಂಬ ಮೂರಕ್ಷರದ ಪರೀಕ್ಷೆ ಸಮೀಪಿಸಿತೆಂದರೆ, ದ್ವಿತೀಯ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಇರುವ ಮನೆಯಲ್ಲಿ ಟಿ.ವಿ.ಯ ಸದ್ದಡಗುತ್ತದೆ, ನೆಂಟರಿಷ್ಟರಿಗೆ ಈ ತಿಂಗಳು ಬರಬೇಡಿರೆಂದು ಸೂಚ್ಯವಾಗಿ ತಿಳಿಸಲಾಗುತ್ತದೆ, ಅಜ್ಜಿ ಹರಕೆಯ ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಗಂಟುಕಟ್ಟಿ ದೇವರ ಮುಂದಿಡುತ್ತಾಳೆ. ಎರಡು ವರ್ಷ ಓದಿದ್ದನ್ನು ಪರೀಕ್ಷೆಯ ದಿನ ಯಾರೂ ಹೆಚ್ಚಿಸಲಾರರು. ಆದರೆ ಆ ಒಂದು ದಿನದ ಅಜಾಗ್ರತೆಯಿಂದ ಅದರಲ್ಲಿ ಸ್ವಲ್ಪವನ್ನೋ ಪೂರ್ತಿಯನ್ನೋ ಕಳೆದುಕೊಳ್ಳುವುದು ಮಾತ್ರ ಬಲು ಸುಲಭ. ಈ ಲೇಖನಕ್ಕೆ ಅದೇ ಕಾರಣ.

ಈ ಪರೀಕ್ಷೆ ಹುಟ್ಟಿದ ಬಗೆಯನ್ನು ಇಂದಿನ ಮಕ್ಕಳು ಅರಿಯರು. ಒಂದು ಕಾಲಕ್ಕೆ ಕರ್ನಾಟಕದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ವಂತಿಗೆಗೆ ಹೆಸರಾಗಿದ್ದವು. ಅದನ್ನು ನಿಷೇಧಿಸಿ ೧೯೮೪ರಲ್ಲಿ ರಾಜ್ಯ ಶಾಸನವನ್ನೇ ಮಾಡಿತು. ೧೯೯೨ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಂತಿಗೆಯ ಪದ್ಧತಿಯನ್ನು ಖಂಡಿಸಿತು. ೧೯೯೩ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಬಂದು, ಖಾಸಗಿ ಕಾಲೇಜಿನ ಸೀಟುಗಳನ್ನೂ ಯೋಗ್ಯತೆಯ ಮೇಲೆಯೇ ಹಂಚುವ ಯೋಜನೆಯೊಂದು ಏರ್ಪಟ್ಟಿತು. ಅದರ ಬೆನ್ನಿಗೇ, ೧೯೯೪ರಲ್ಲಿ, ನಮ್ಮ ರಾಜ್ಯದ ಸಿ.ಇ.ಟಿ. ಘಟಕ ಹುಟ್ಟಿತು. ೨೦೦೨ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಆ ಯೋಜನೆ ಬಿದ್ದುಹೋದರೂ ಪರೀಕ್ಷೆ ಉಳಿಯಿತು. ಇಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದನ್ನು ನಡೆಸುತ್ತದೆ. ಗುಮಾಸ್ತರ ಮಗನೂ ಸಾಹುಕಾರರ ಮಗನೂ ಒಂದೇ ಸಾಲಿನ ಬೆಂಚುಗಳಲ್ಲಿ ಕುಳಿತು ಒಂದೇ ಪ್ರಶ್ನೆಗೆ ಉತ್ತರಿಸುವ ಏರ್ಪಾಡು ಇದು. ಅದಕ್ಕಾಗಿ ಸ್ವಲ್ಪ ಕಟ್ಟುನಿಟ್ಟನ್ನು ಸಹಿಸಬೇಕಾಗುತ್ತದೆ.

ಪರೀಕ್ಷೆಗೆ ಕೊಂಡೊಯ್ಯಬೇಕಾದ ಸಾಮಗ್ರಿ ಅಂಗೈಯಗಲದ್ದು. ಪ್ರವೇಶಪತ್ರ, ಭಾವಚಿತ್ರವಿರುವ ಒಂದು ಮೂಲ ಗುರುತಿನ ಚೀಟಿ, ನೀಲಿ ಅಥವಾ ಕಪ್ಪು ಶಾಯಿಯ ಎರಡು ಬಾಲ್ ಪೆನ್ನು. ಪ್ರವೇಶಪತ್ರವನ್ನು ಜಾಲತಾಣದಿಂದ ಇಳಿಸಿಕೊಂಡು ಅಚ್ಚು ಹಾಕಿಸಬೇಕಷ್ಟೆ. ಆ ಕೆಲಸವನ್ನು ಪರೀಕ್ಷೆಯ ಬೆಳಗಿಗೆ ಉಳಿಸಿಕೊಂಡವರ ಪಾಡು ಹೇಳತೀರದು: ಬಡಾವಣೆಯ ಜೆರಾಕ್ಸ್ ಅಂಗಡಿ ಒಂಬತ್ತಕ್ಕೆ ತೆರೆಯುವುದಿಲ್ಲ, ತೆರೆದರೆ ಕರೆಂಟು ಇರುವುದಿಲ್ಲ, ಕರೆಂಟು ಇದ್ದರೆ ಯಂತ್ರದಲ್ಲಿ ಶಾಯಿ ಇರುವುದಿಲ್ಲ. ವಾರಕ್ಕೆ ಮೊದಲೇ ಎರಡು ಪ್ರತಿ ತೆಗೆಸಿ, ಒಂದನ್ನು ಮಗುವಿನ ಕೈಗೂ ಇನ್ನೊಂದನ್ನು ಜೊತೆಗೆ ಹೋಗುವವರ ಕೈಗೂ ಕೊಟ್ಟಿರುವುದು ಲೇಸು. ಹೆಸರು, ಭಾವಚಿತ್ರ, ಬರೆಯಬೇಕಾದ ವಿಷಯಗಳು ಸರಿಯಾಗಿವೆಯೇ ಎಂದು ತಂದೆತಾಯಿಗಳೂ ಒಮ್ಮೆ ಕಣ್ಣಾಡಿಸಬೇಕು. ಪರೀಕ್ಷಾ ಕೇಂದ್ರದ ವಿಳಾಸವನ್ನಂತೂ ಎರಡು ಸಲ ಓದಬೇಕು. ಬೆಂಗಳೂರಿನಂಥ ಊರಿನಲ್ಲಿ ಒಂದೇ ಸಂಸ್ಥೆಯ ಹೆಸರು ಹೊತ್ತ ಕಾಲೇಜುಗಳು ಬೇರೆ ಬೇರೆ ಬಡಾವಣೆಗಳಲ್ಲಿರುತ್ತವೆ. ಹೆಸರು ಕೇಳಿದೊಡನೆ ಆಟೋದವರು ತಮಗೆ ತಿಳಿದ ಒಂದಕ್ಕೆ ಕರೆದೊಯ್ಯುತ್ತಾರೆ. ಹಿಂದಿನ ದಿನ ಸಂಜೆ ತಂದೆಯೋ ಅಣ್ಣನೋ ಮಗುವಿನೊಡನೆ ಹೋಗಿ ಗೇಟನ್ನು ಕಣ್ಣಾರೆ ನೋಡಿ ಬಂದರೆ ಆ ರಾತ್ರಿ ನಿದ್ರೆ ಸಲೀಸಾಗಿ ಬರುತ್ತದೆ.

ಮನೆಯಲ್ಲಿ ಬಿಟ್ಟು ಹೋಗಬೇಕಾದ ವಸ್ತುಗಳ ಪಟ್ಟಿಯೇ ದೊಡ್ಡದು. ಮೊಬೈಲು, ಕ್ಯಾಲ್ಕುಲೇಟರು, ಕೈಗಡಿಯಾರ, ಲಾಗ್ ಟೇಬಲ್, ತಪ್ಪನ್ನು ಬಿಳಿಯಾಗಿಸುವ ದ್ರವ ಯಾವುದೂ ಒಳಗೆ ಬರುವಂತಿಲ್ಲ. ಕೈಗಡಿಯಾರವಿಲ್ಲದೆ ಮಕ್ಕಳು ತಬ್ಬಿಬ್ಬಾಗುವುದುಂಟು. ಆದ್ದರಿಂದ ಮನೆಯಲ್ಲಿ ಮಾದರಿ ಪತ್ರಿಕೆಗಳನ್ನು ಬಿಡಿಸುವಾಗಲೇ ಗಡಿಯಾರ ನೋಡದೆ ಹೊತ್ತನ್ನು ಅಂದಾಜು ಮಾಡುವ ಅಭ್ಯಾಸವಾಗಬೇಕು. ಉಡುಪು ಸಾದಾ ಇದ್ದಷ್ಟೂ ಒಳ್ಳೆಯದು. ಕಳೆದ ಹುಟ್ಟುಹಬ್ಬಕ್ಕೆ ಹೊಲಿಸಿದ ಜರಿಯಂಚಿನ ಉಡುಪು, ಸೋದರತ್ತೆ ಕೊಟ್ಟ ಜುಮುಕಿ, ಇವುಗಳಿಗೆ ಅಂದು ರಜೆ. ತಪಾಸಣೆಯ ಬಾಗಿಲಲ್ಲಿ ಕಿವಿಯೋಲೆ ಬಿಚ್ಚಲು ಹೆಣಗುತ್ತ ಕಣ್ಣೀರಿಡುವ ಹುಡುಗಿಯ ಮನಸ್ಸಿನಲ್ಲಿ ಭೌತಶಾಸ್ತ್ರದ ಸೂತ್ರಗಳು ಉಳಿಯುವುದಾದರೂ ಹೇಗೆ?

ಹಾಗೆಂದು ಬಾಗಿಲಲ್ಲಿ ನಿಂತವರು ಹೇಳಿದ್ದೆಲ್ಲ ನಿಯಮವೆಂದು ತಿಳಿಯಬೇಕಾಗಿಲ್ಲ. ೨೦೨೫ರ ಏಪ್ರಿಲ್ ತಿಂಗಳಲ್ಲಿ ಶಿವಮೊಗ್ಗ ಮತ್ತು ಬೀದರಿನ ಪರೀಕ್ಷಾ ಕೇಂದ್ರಗಳಲ್ಲಿ ಜನಿವಾರ ತೆಗೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿದ ಸಂಗತಿ ನಾಡಿನಾದ್ಯಂತ ಚರ್ಚೆಗೆ ಬಂತು. ಬೀದರಿನಲ್ಲಿ ಒಬ್ಬ ಹುಡುಗ ಗಣಿತದ ಪತ್ರಿಕೆ ಬರೆಯದೆಯೇ ಹಿಂದಿರುಗಬೇಕಾಯಿತು. ಅಂಥ ನಿಯಮವೇ ಇರಲಿಲ್ಲವೆಂದು ಸರ್ಕಾರದವರು ಆಮೇಲೆ ಹೇಳಿದರು. ಆ ಮಾತು ಆಮೇಲೆ ಬಂದು ಫಲವೇನು! ಆಯಾ ವರ್ಷದ ಸೂಚನೆಗಳನ್ನು ಓದಿಕೊಂಡು, ಅವುಗಳ ಅಚ್ಚಾದ ಪ್ರತಿಯನ್ನು ಜೊತೆಗೆ ಹೋದವರು ಇಟ್ಟುಕೊಂಡಿರಬೇಕು. ಸಂದೇಹ ಬಂದರೆ ಬಾಗಿಲಲ್ಲಿ ವಾದಕ್ಕಿಳಿಯದೆ, ಕೇಂದ್ರದ ಮುಖ್ಯಸ್ಥರನ್ನು ಕಾಣಬೇಕೆಂದು ವಿನಯದಿಂದ ಕೇಳಬೇಕು. ಹಾಗೆ ಕೇಳಲು ಕೈಯಲ್ಲಿ ಹೊತ್ತಿರಬೇಕು. ಮುಂಚಿತವಾಗಿ ಹೋಗಬೇಕೆನ್ನುವುದು ಇದಕ್ಕಾಗಿಯೇ.

ಇನ್ನು ಕೊಠಡಿಯೊಳಗಿನ ಕ್ರಮ. ಸಿ.ಇ.ಟಿ.ಯಲ್ಲಿ ಎಲ್ಲವೂ ಗಂಟೆಯ ಲೆಕ್ಕ. ಬೆಳಗಿನ ಪತ್ರಿಕೆಯಾದರೆ ಎರಡನೆಯ ಗಂಟೆಯಾದ ಬಳಿಕ, ೧೦-೩೦ಕ್ಕೆ, ಪ್ರಶ್ನೆಪುಸ್ತಿಕೆಯನ್ನು ಕೈಗೆ ಕೊಡುತ್ತಾರೆ. ಅದಕ್ಕೊಂದು ಮೊಹರಿನ ಪಟ್ಟಿ ಇರುತ್ತದೆ. ಮೂರನೆಯ ಗಂಟೆ ಬಾರಿಸುವುದು ೧೦-೪೦ಕ್ಕೆ. ಅಲ್ಲಿಯವರೆಗೆ ಆ ಪಟ್ಟಿಯನ್ನು ಕೀಳುವಂತಿಲ್ಲ, ಉತ್ತರವನ್ನು ಗುರುತಿಸುವಂತಿಲ್ಲ. ೧೧-೫೦ಕ್ಕೆ ಕೊನೆಯ ಗಂಟೆ. ಒಟ್ಟು ೮೦ ನಿಮಿಷಗಳ ಪರೀಕ್ಷೆಯೆಂದು ಹೇಳಿದರೂ ಉತ್ತರಿಸಲು ದೊರೆಯುವುದು ೭೦ ನಿಮಿಷ. ಮಧ್ಯಾಹ್ನದ ಪತ್ರಿಕೆಗೆ ಇದೇ ಕ್ರಮ ೨-೩೦ರಿಂದ ೩-೫೦ರವರೆಗೆ.

ಆ ಮೊದಲ ಹತ್ತು ನಿಮಿಷವನ್ನು ಮಕ್ಕಳು ಬರಿದೇ ಕಾಯುವ ಹೊತ್ತೆಂದು ಭಾವಿಸುತ್ತಾರೆ. ನನ್ನ ಮಟ್ಟಿಗೆ ಆ ದಿನದ ಅತ್ಯಂತ ಬೆಲೆಯುಳ್ಳ ಹತ್ತು ನಿಮಿಷ ಅದೇ. ಓ.ಎಂ.ಆರ್. ಹಾಳೆಯ ಮೇಲೆ ಸಿ.ಇ.ಟಿ. ಸಂಖ್ಯೆ, ಪುಸ್ತಿಕೆಯ ಕ್ರಮಸಂಖ್ಯೆ, ವರ್ಷನ್ ಕೋಡ್ ಇವನ್ನು ಬರೆದು ವೃತ್ತಗಳನ್ನು ತುಂಬುವುದು ಆಗಲೇ. ಒಂದೇ ಕೊಠಡಿಯಲ್ಲಿ ಹಲವು ಬಗೆಯ ಪುಸ್ತಿಕೆಗಳಿರುತ್ತವೆ. ಪ್ರಶ್ನೆಗಳ ಕ್ರಮ ಒಂದೊಂದರಲ್ಲಿ ಒಂದೊಂದು ತರಹ. ಯಾವ ಪುಸ್ತಿಕೆಗೆ ಯಾವ ಉತ್ತರಮಾಲೆ ಎಂಬುದನ್ನು ಯಂತ್ರ ಅರಿಯುವುದು ಆ ಕೋಡಿನಿಂದ ಮಾತ್ರ. ಅದನ್ನು ತಪ್ಪಾಗಿ ತುಂಬಿದ ಜಾಣನಿಗೆ ಸಿಗುವ ಅಂಕ, ಕಣ್ಣುಮುಚ್ಚಿ ಚುಕ್ಕೆ ಹಾಕಿದ ದಡ್ಡನ ಅಂಕಕ್ಕಿಂತ ಹೆಚ್ಚೇನೂ ಆಗಲಿಕ್ಕಿಲ್ಲ.

ಯಂತ್ರದ ವಿಷಯವಾಗಿ ಒಂದು ಮಾತು. ಉತ್ತರಪತ್ರಿಕೆಗಳನ್ನು ಯಂತ್ರದಿಂದ ತಿದ್ದುವ ಯೋಚನೆಯನ್ನು ಕಾರ್ಯರೂಪಕ್ಕೆ ತಂದವನು ಅಮೆರಿಕದ ಮಿಷಿಗನ್ನಿನ ಒಬ್ಬ ಶಾಲಾ ಉಪಾಧ್ಯಾಯ, ರೆನಾಲ್ಡ್ ಜಾನ್ಸನ್. ಸೀಸದಕಡ್ಡಿಯ ಗುರುತು ವಿದ್ಯುತ್ತನ್ನು ಹಾಯಗೊಡುತ್ತದೆಂಬ ತತ್ತ್ವದ ಮೇಲೆ ಐ.ಬಿ.ಎಂ. ಕಂಪೆನಿ ೧೯೩೮ರಲ್ಲಿ ಅವನ ಯಂತ್ರವನ್ನು ಹೊರತಂದಿತು. ಇಂದಿನ ಯಂತ್ರ ಬೆಳಕಿನಿಂದ ಓದುತ್ತದೆ. ಹಾಗಾಗಿ ಬಾಲ್ ಪೆನ್ನು ಸಾಕು. ಆದರೆ ಸ್ವಭಾವ ಬದಲಾಗಿಲ್ಲ. ಅದಕ್ಕೆ ಕರುಣೆಯೂ ಇಲ್ಲ, ಹಗೆಯೂ ಇಲ್ಲ. ‘ಹುಡುಗ ಬುದ್ಧಿವಂತ, ಗಾಬರಿಯಲ್ಲಿ ಹೀಗೆ ಮಾಡಿದ್ದಾನೆ’ ಎಂದು ಹಳೆಯ ಕಾಲದ ಮೇಷ್ಟರಂತೆ ಅದು ಎಣಿಸುವುದಿಲ್ಲ. ವೃತ್ತ ತುಂಬಿದೆಯೇ, ಇಲ್ಲವೇ? ಇಷ್ಟೇ ಅದರ ವಿಚಾರ. ಅರೆಬರೆ ತುಂಬಿದ್ದು, ಟಿಕ್ ಹಾಕಿದ್ದು, ಎರಡು ಕಡೆ ಗುರುತಿಸಿದ್ದು ವ್ಯರ್ಥ. ಪೆನ್ನಿನ ತುದಿ ತಗುಲಿ ಬಿದ್ದ ಚಿಕ್ಕ ಚುಕ್ಕೆಯನ್ನೂ ಅದು ಗುರುತೆಂದು ತಿಳಿಯಬಹುದು. ಬೆವರಿದ ಕೈಯನ್ನು ಒರೆಸಿಕೊಳ್ಳಲು ಒಂದು ಕರವಸ್ತ್ರವಿರಲೆಂದು ನಾನು ಹೇಳುವುದು ಈ ಕಾರಣಕ್ಕೆ.

ಅರವತ್ತು ಪ್ರಶ್ನೆಗಳಿಗೆ ಎಪ್ಪತ್ತು ನಿಮಿಷವೆಂದರೆ ಪ್ರಶ್ನೆಯೊಂದಕ್ಕೆ ೭೦ ಸೆಕೆಂಡು. ಮೊದಲ ಸುತ್ತಿನಲ್ಲಿ ಬರುವುದನ್ನು ಮಾಡಿ, ಎರಡನೆಯ ಸುತ್ತಿನಲ್ಲಿ ಉಳಿದುದಕ್ಕೆ ಮರಳುವುದು ಎಲ್ಲ ಉಪಾಧ್ಯಾಯರೂ ಹೇಳುವ ಉಪಾಯ. ಅಪಾಯವಿರುವುದೂ ಅಲ್ಲಿಯೇ. ಹದಿನೇಳನೆಯ ಪ್ರಶ್ನೆಯನ್ನು ಬಿಟ್ಟು ಹದಿನೆಂಟನ್ನು ಬಿಡಿಸಿದ ಹುಡುಗ, ಉತ್ತರವನ್ನು ಹದಿನೇಳರ ಸಾಲಿನಲ್ಲಿ ತುಂಬಿಬಿಡುತ್ತಾನೆ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಮೇಲೆ. ಶಾಯಿಯನ್ನು ಅಳಿಸುವಂತಿಲ್ಲ. ಎಲ್ಲ ಉತ್ತರಗಳನ್ನೂ ಪುಸ್ತಿಕೆಯಲ್ಲೇ ಗುರುತಿಸಿಕೊಂಡು ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆಂಬುವವರಿಗೆ ಕೊನೆಯ ಗಂಟೆ ಮೊದಲೇ ಬಾರಿಸಿಬಿಡುತ್ತದೆ. ಪುಸ್ತಿಕೆಯ ಒಂದು ಪುಟ ಮುಗಿದೊಡನೆ ಆ ಪುಟದ ಉತ್ತರಗಳನ್ನು ಪ್ರಶ್ನೆಸಂಖ್ಯೆಯ ಮೇಲೆ ಬೆರಳಿಟ್ಟು ತುಂಬುವುದೇ ನನಗೆ ಒಪ್ಪುವ ಕ್ರಮ.

ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೇ ಒಂದು ಸಾಲನ್ನೂ ಖಾಲಿ ಬಿಟ್ಟು ಬರಬಾರದು. ಆದರೆ ವೈದ್ಯಕೀಯಕ್ಕಾಗಿ ನೀಟ್ ಪರೀಕ್ಷೆಯನ್ನೂ ಬರೆಯುವ ಮಕ್ಕಳು ಈ ಅಭ್ಯಾಸವನ್ನು ಅಲ್ಲಿಗೆ ಒಯ್ಯಬಾರದು: ೨೦೨೫ರ ನೀಟ್‌ನಲ್ಲಿ ೧೮೦ ಪ್ರಶ್ನೆ, ಸರಿಯುತ್ತರಕ್ಕೆ ೪ ಅಂಕ, ತಪ್ಪಿಗೆ ೧ ಅಂಕದ ಕಡಿತ. ಅಲ್ಲಿ ಪೆನ್ನನ್ನೂ ಕೇಂದ್ರದಲ್ಲೇ ಕೊಡುತ್ತಾರೆ, ಎರಡು ಗಂಟೆಯ ಪರೀಕ್ಷೆಗೆ ಒಂದೂವರೆಗೇ ಗೇಟು ಮುಚ್ಚುತ್ತದೆ, ಭಾವಚಿತ್ರಗಳನ್ನು ಅಂಟಿಸಿದ ಪ್ರವೇಶಪತ್ರವನ್ನು ಕೇಳುತ್ತಾರೆ. ಕೆಲವೇ ವಾರಗಳ ಅಂತರದಲ್ಲಿ ಎರಡು ಪರೀಕ್ಷೆ, ಎರಡು ನೀತಿ. ಒಂದರ ಸೂಚನೆಯನ್ನು ಇನ್ನೊಂದಕ್ಕೆ ಬೆರೆಸಿಕೊಂಡು ಪೇಚಾಡುವ ಮನೆಗಳು ಕಡಿಮೆಯಿಲ್ಲ.

ತಿಳಿಯದ ಪ್ರಶ್ನೆಗಳು ಸಾಲಾಗಿ ಬಂದರೆ? ೨೦೨೪ರಲ್ಲಿ ಪಠ್ಯಕ್ರಮದಿಂದ ಹೊರಗಿನ ಪ್ರಶ್ನೆಗಳು ಬಂದಿವೆಯೆಂದು ದೊಡ್ಡ ಕೂಗೆದ್ದು, ಕೊನೆಗೆ ನಾಲ್ಕು ವಿಷಯಗಳಿಂದ ೫೦ ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅಂಥವುಗಳ ಎದುರಿಗೆ ಕುಳಿತು ಹತ್ತು ನಿಮಿಷ ತಲೆ ಕೆಡಿಸಿಕೊಂಡವರಿಗೆ ಆ ಹತ್ತು ನಿಮಿಷವನ್ನು ಯಾರೂ ಮರಳಿ ಕೊಡಲಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು.ಸಿ. ಅಂಕಗಳ ಅರ್ಧಭಾಗವೂ ಸಿ.ಇ.ಟಿ.ಯ ಅರ್ಧಭಾಗವೂ ಸೇರುತ್ತವೆ. ಅರ್ಧ ಗಳಿಕೆ ಆಗಲೇ ಕೈಯಲ್ಲಿದೆಯೆಂಬ ಧೈರ್ಯದಿಂದ ಮುಂದಿನ ಪ್ರಶ್ನೆಗೆ ಹೋಗಬೇಕು.

ಎರಡು ಪತ್ರಿಕೆಗಳ ನಡುವೆ ಎರಡು ಗಂಟೆ ನಲವತ್ತು ನಿಮಿಷದ ಬಿಡುವು. ತಂದೆತಾಯಿಗಳ ಪರೀಕ್ಷೆ ನಡೆಯುವುದು ಈ ಹೊತ್ತಿನಲ್ಲಿ. ಗೇಟಿನಿಂದ ಹೊರಬಂದ ಮಗುವಿಗೆ ಮೊದಲು ಎದುರಾಗುವ ಪ್ರಶ್ನೆ, “ಎಷ್ಟು ಬರುತ್ತಮ್ಮಾ?” ಎಂಬುದು. ಅದರ ಹಿಂದೆಯೇ ಯಾವುದೋ ಕೋಚಿಂಗ್ ತರಗತಿಯ ಗೆಳೆಯನೊಬ್ಬ ಬಂದು, “ಮೂವತ್ತೊಂದಕ್ಕೆ ಏನು ಹಾಕ್ದೆ?” ಎನ್ನುತ್ತಾನೆ. ಎರಡೂ ಬೇಡ. ಮುಗಿದ ಪತ್ರಿಕೆಯ ಒಂದು ತಪ್ಪನ್ನು ತಿಳಿದುಕೊಂಡು ಹೋದ ಹುಡುಗಿ ಮಧ್ಯಾಹ್ನ ಮೂರು ತಪ್ಪು ಮಾಡುತ್ತಾಳೆ. “ಬಾಮ್ಮಾ, ಕೈ ತೊಳ್ಕೋ” ಎಂದು ನೆರಳಿಗೆ ಕರೆದೊಯ್ಯುವ ತಾಯಿಯೇ ಜಾಣೆ. ಏಪ್ರಿಲ್ ಬಿಸಿಲು ಕಲಬುರಗಿ, ರಾಯಚೂರುಗಳಲ್ಲಿ ಹೇಗಿರುತ್ತದೆಂಬುದನ್ನು ಬೇರೆ ಹೇಳಬೇಕೆ? ಮೊಸರನ್ನ, ಉಪ್ಪಿನಕಾಯಿ, ಒಂದು ಬಾಳೆಹಣ್ಣು, ಬೇಕಾದಷ್ಟು ನೀರು ಅಥವಾ ಮಜ್ಜಿಗೆ ಸಾಕು. ಪರೀಕ್ಷೆಯೆಂದು ಪ್ರೀತಿಯಿಂದ ಕಟ್ಟಿಕೊಟ್ಟ ಪೂರಿ-ಸಾಗು, ಕೇಸರಿಬಾತುಗಳು ಮೂರು ಗಂಟೆಯ ಹೊತ್ತಿಗೆ ರೆಪ್ಪೆಯ ಮೇಲೆ ಬಂದು ಕೂರುತ್ತವೆ. ಜೊತೆಗೆ ಹೋಗುವವರು ಒಬ್ಬರಿದ್ದರೆ ಸಾಲದೆ? ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರೆಲ್ಲ ಸೇರಿ ಗೇಟಿನ ಮುಂದೆ ಜಾತ್ರೆ ನಡೆಸಿದರೆ ಮಗುವಿಗೆ ಒಳಗೆ ಕುಳಿತಾಗಲೂ ಅವರ ಮುಖಗಳೇ ಕಾಣುತ್ತವೆ.

ಹೊರನಾಡ, ಗಡಿನಾಡ ಕನ್ನಡಿಗರ ಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ಪುಟ್ಟ ಪರೀಕ್ಷೆಯುಂಟು. ಕಾಸರಗೋಡು, ಸೊಲ್ಲಾಪುರದ ಕಡೆಯಿಂದ ಆ ವರ್ಗದ ಸೀಟು ಬಯಸಿ ಬರುವವರು ೫೦ ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ ೧೨ ಅಂಕ ಗಳಿಸಬೇಕು. ಮಟ್ಟ ನಾಲ್ಕನೆಯ ತರಗತಿಯದು. ಮನೆಯಲ್ಲಿ ಕನ್ನಡ ಪುಸ್ತಕ ಓದುವ ರೂಢಿಯಿದ್ದವರಿಗೆ ನೀರು ಕುಡಿದಂತೆ. ಆದರೆ ಇದು ನಡೆಯುವುದು ಕೆಲವೇ ನಗರಗಳಲ್ಲಿ, ಬೇರೆಯದೇ ದಿನ. ರೈಲಿನ ಟಿಕೇಟು ಕಾದಿರಿಸುವ ಮೊದಲು ಆ ದಿನಾಂಕವನ್ನು ನೋಡಿಕೊಳ್ಳಬೇಕು.

ಕೊನೆಯ ಗಂಟೆಯಾದ ಮೇಲೆ ಓ.ಎಂ.ಆರ್. ಹಾಳೆಯನ್ನು ಹಾಗೆಯೇ ಮೇಲ್ವಿಚಾರಕರಿಗೆ ಒಪ್ಪಿಸಬೇಕು. ಅವರು ಮೇಲಿನ ಹಾಳೆಯನ್ನು ಬೇರ್ಪಡಿಸಿ ಕೆಳಗಿನ ನಕಲನ್ನು ಹಿಂದಕ್ಕೆ ಕೊಡುತ್ತಾರೆ. ಅದನ್ನು ಮಡಚಿ ಜೇಬಿಗೆ ತುರುಕದೆ ತಾಯಿಯ ಕೈಗೆ ಕೊಡುವುದು ಕ್ಷೇಮ. ಒಂದು ವರ್ಷದವರೆಗಾದರೂ ಅದು ಮನೆಯಲ್ಲಿರಬೇಕು. ಕೆಲವು ದಿನಗಳ ತರುವಾಯ ಪ್ರಾಧಿಕಾರ ತಾತ್ಕಾಲಿಕ ಉತ್ತರಮಾಲೆಯನ್ನು ಪ್ರಕಟಿಸುತ್ತದೆ. ತಪ್ಪು ಕಂಡರೆ ಗೊತ್ತುಪಡಿಸಿದ ದಿನದೊಳಗೆ ಆಧಾರಸಹಿತವಾಗಿ ಆಕ್ಷೇಪಣೆ ಸಲ್ಲಿಸಬಹುದು. ತಾನು ಹಾಕಿದ ಉತ್ತರ ಯಾವುದೆಂದು ಆಗ ತೋರಿಸಿಕೊಡುವುದು ಆ ನಕಲು ಹಾಳೆಯೇ.