ಒಬ್ಬರ ಮಾತಿಗೆ ಬೆಂಬಲ ಎಲ್ಲಿಂದ?

ಸ್ಕಾಟ್ಲೆಂಡಿನಲ್ಲಿ ಒಬ್ಬರೇ ಒಬ್ಬರ ಸಾಕ್ಷ್ಯವನ್ನು ನಂಬಿ, ಅದು ಎಷ್ಟೇ ಗಟ್ಟಿಯಾಗಿದ್ದರೂ, ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ. ಅಪರಾಧ ನಡೆಯಿತು, ನಡೆಸಿದವನು ಆರೋಪಿಯೇ ಎಂಬುದಕ್ಕೆ ಬೇರೆ ಮೂಲದ ಪೂರಕ ಸಾಕ್ಷ್ಯ ಬೇಕು. ಅದಿಲ್ಲದಿದ್ದರೆ ಪ್ರಕರಣ ಜ್ಯೂರಿಯ ತೀರ್ಮಾನಕ್ಕೇ ಹೋಗುವುದಿಲ್ಲ. ಸಾಕ್ಷಿಗಳ ತಲೆ ಎಣಿಸದ ಭಾರತದ ಕಾನೂನಿಗೆ ಒಗ್ಗಿಹೋದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ನಿರಪರಾಧಿಯನ್ನು ಕಾಯುವುದು ನಿಯಮದ ಉದ್ದೇಶ, ಅದನ್ನು ಅಲ್ಲಗಳೆಯಲಾಗದು. ಆದರೆ ಲೈಂಗಿಕ ದೌರ್ಜನ್ಯ ನಡೆಯುವುದೇ ಯಾರೂ ಇಲ್ಲದ ಕಡೆ. ಹಾಗಾಗಿ ಯಾವುದನ್ನು ಪೂರಕವೆಂದು ಒಪ್ಪಬೇಕು ಎಂಬ ಪ್ರಶ್ನೆಗೆ ಮೇಲ್ಮನವಿ ನ್ಯಾಯಾಲಯ ಕೊಡುವ ಉತ್ತರದ ಮೇಲೆಯೇ ಸಂತ್ರಸ್ತೆಯ ಮಾತು ಜ್ಯೂರಿಯನ್ನು ಮುಟ್ಟುತ್ತದೋ ಇಲ್ಲವೋ ಎಂಬುದು ನಿಂತಿದೆ. ಇತ್ತೀಚಿನ ಎರಡು ತೀರ್ಪುಗಳು ಆ ಉತ್ತರವನ್ನು ಸರಿಪಡಿಸಿವೆ ಎಂಬುದು ನನ್ನ ವಾದ.

1930ರಲ್ಲಿ ಗ್ಲಾಸ್ಗೋದ ಬಟ್ಟೆ ವ್ಯಾಪಾರಿ ಮೂರೊವ್‌ ಪ್ರಕರಣ ಒಂದು ದಾರಿ ತೆರೆದಿತ್ತು. ಅಂಗಡಿಯ ಹಲವು ಹೆಣ್ಣುಮಕ್ಕಳು ಅವನ ಮೇಲೆ ದೂರಿದ್ದರು. ಒಂದೊಂದು ಘಟನೆಗೂ ಆಯಾ ಹೆಣ್ಣುಮಗಳೇ ಸಾಕ್ಷಿ. ಕಾಲ, ರೀತಿ, ಸಂದರ್ಭಗಳಲ್ಲಿ ಹೊಂದಿಕೆಯಿದ್ದರೆ ಒಬ್ಬಳ ಮಾತು ಇನ್ನೊಬ್ಬಳ ಮಾತಿಗೆ ಆಧಾರವಾಗಬಹುದು ಎಂದಿತು ನ್ಯಾಯಾಲಯ. ಒಬ್ಬಳೇ ಸಂತ್ರಸ್ತೆಯಾದರೆ? 1938ರ ಮಾರ್ಟನ್‌ ಪ್ರಕರಣದಲ್ಲಿ ಹಲ್ಲೆಗೊಳಗಾದ ಹೆಣ್ಣುಮಗಳು ಕೂಡಲೇ ತನ್ನ ಸಹೋದರನಿಗೆ ವಿಷಯ ತಿಳಿಸಿದ್ದಳು. ಅದೂ ಅವಳದೇ ಮಾತಾದ್ದರಿಂದ ಪೂರಕವಾಗದೆಂದು ಶಿಕ್ಷೆ ರದ್ದಾಯಿತು. ಈ ನಿಲುವು 86 ವರ್ಷ ಉಳಿಯಿತು. 2023ರಲ್ಲಿ ಏಳು ನ್ಯಾಯಾಧೀಶರ ಪೀಠ, ಘಟನೆಯ ಬೆನ್ನಲ್ಲೇ ಇತರರು ಕಣ್ಣಾರೆ ಕಂಡ ಅವಳ ತಳಮಳ ಅಪರಾಧ ನಡೆದದ್ದಕ್ಕೇ ಪೂರಕವಾಗಬಹುದು ಎಂದಿತು. 2024ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಮಾರ್ಟನ್‌ ತೀರ್ಪನ್ನೇ ತಳ್ಳಿಹಾಕಿ, ಘಟನೆಯ ಹಿಂದೆಯೇ ಆಡಿದ ಮಾತಿಗೂ ಆ ಬಲವಿರಬಹುದು ಎಂದಿತು. ಕಟ್ಟುಕಥೆ ಹೆಣೆಯಲು ಪುರುಸೊತ್ತಿಲ್ಲದ ಗಳಿಗೆಯಲ್ಲಿ, ನಡುಗುತ್ತ ಬಂದವಳು ಹೇಳಿದ್ದನ್ನು ಬೇರೊಬ್ಬರು ಕೇಳಿದ್ದಾರೆ, ಅವಳ ಸ್ಥಿತಿಯನ್ನು ನೋಡಿದ್ದಾರೆ. ತಿಂಗಳುಗಳ ನಂತರ ಕಟಕಟೆಯಲ್ಲಿ ನುಡಿಯುವ ಸಾಕ್ಷ್ಯಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನುವುದು ಲೋಕಾನುಭವಕ್ಕೆ ವಿರುದ್ಧ.

ಇದು ಸಂಸತ್ತಿನ ಕೆಲಸವಲ್ಲವೇ ಎಂಬ ಆಕ್ಷೇಪವಿದೆ. ಪೂರಕ ಸಾಕ್ಷ್ಯದ ನಿಯಮವನ್ನೇ ಕಿತ್ತುಹಾಕಲು 2013ರಲ್ಲಿ ಮಸೂದೆ ಬಂದು, ವಿರೋಧದಿಂದಾಗಿ 2015ರಲ್ಲಿ ಸರ್ಕಾರ ಆ ಭಾಗವನ್ನು ಕೈಬಿಟ್ಟಿತ್ತು ನಿಜ. ಆದರೆ ನ್ಯಾಯಾಲಯ ನಿಯಮವನ್ನು ಕಿತ್ತುಹಾಕಿಲ್ಲ. ಹಿಂದೆ ತಾನೇ ಎಳೆದಿದ್ದ ಗೆರೆಯನ್ನು ತಾನೇ ತಿದ್ದಿದೆ. ಇದಲ್ಲದೆ, ಎರಡೂ ತೀರ್ಪುಗಳು ಸ್ಕಾಟ್ಲೆಂಡಿನ ಮುಖ್ಯ ಕಾನೂನು ಅಧಿಕಾರಿ ಲಾರ್ಡ್‌ ಅಡ್ವೊಕೇಟ್‌ ಕೇಳಿದ ಕಾನೂನು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಈ ವಿಧಾನದಲ್ಲಿ ಆಗಲೇ ಖುಲಾಸೆಯಾದವರ ಬಿಡುಗಡೆಗೆ ಧಕ್ಕೆಯಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಹದಿನೈದು ಮಂದಿಯ ಜ್ಯೂರಿಯಲ್ಲಿ ಎಂಟು ಮಂದಿ ಒಪ್ಪಿದರೆ ಶಿಕ್ಷೆಯಾಗುತ್ತಿದ್ದ ನಾಡಿನಲ್ಲಿ ಪೂರಕ ಸಾಕ್ಷ್ಯದ ಬೇಲಿ ಸಡಿಲವಾದರೆ ನಿರಪರಾಧಿಯ ಗತಿಯೇನು? ಈ ಭಯ ಹುಸಿಯಲ್ಲ. 1909ರಲ್ಲಿ ಮರಣದಂಡನೆಗೆ ಗುರಿಯಾಗಿ, ಆಮೇಲೆ ಜೀವಾವಧಿಗೆ ಇಳಿದು ಹದಿನೆಂಟು ವರ್ಷಕ್ಕೂ ಹೆಚ್ಚು ಸೆರೆಯಲ್ಲಿ ಕೊಳೆತ ಆಸ್ಕರ್‌ ಸ್ಲೇಟರ್‌ನ ಶಿಕ್ಷೆಯನ್ನು 1928ರಲ್ಲಿ ರದ್ದುಮಾಡಿದ್ದು ಇದೇ ಮೇಲ್ಮನವಿ ನ್ಯಾಯಾಲಯ. ಆದರೆ ಪೂರಕ ಸಾಕ್ಷ್ಯ ಇದೆ ಎಂದಾಕ್ಷಣ ಅಪರಾಧ ಸಾಬೀತಾಯಿತೆಂದಲ್ಲ. ಅದನ್ನು ನಂಬಬೇಕೇ ಎಂದು ಜ್ಯೂರಿ ತೂಗಿ ನೋಡಲೇಬೇಕು, ಸಕಾರಣ ಸಂಶಯ ಉಳಿದರೆ ಬಿಡಲೇಬೇಕು. 2025ರಲ್ಲಿ ಸಂಸತ್ತು ಶಿಕ್ಷೆಗೆ ಜ್ಯೂರಿಯ ಮೂರನೇ ಎರಡರಷ್ಟು ಬಹುಮತ ಬೇಕೆಂದು ಕಾನೂನು ಮಾಡಿತು. ಆರೋಪಿಯ ರಕ್ಷಣೆ ಇರಬೇಕಾದದ್ದು ಅಲ್ಲಿಯೇ, ತೂಗಿ ತೀರ್ಪು ಹೇಳುವವರ ಕೈಯಲ್ಲಿ. ಸಾಕ್ಷ್ಯ ಅವರನ್ನು ತಲುಪದಂತೆ ತಡೆಯುವುದರಲ್ಲಿ ಅಲ್ಲ.